ಬಗ್ಗಿದ ಬೆನ್ನಿಗೆ ಅಂಕ ಹಾಕುವುದು

(ಮಂಗಳೂರಿನಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿಗಳು, ಕಾರ್ಖಾನೆಗಳ ಸುರಕ್ಷತಾ ಅಧಿಕಾರಿಗಳು ಮತ್ತು ಕಾರ್ಮಿಕ ಸಂಘಗಳ ಕೆಲವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಸೊಂಟನೋವು ಅಂತ ಒಬ್ಬರು ನಿಮ್ಮ ಹತ್ತಿರ ಬಂದರೆ ಮೊದಲು ಏನು ಕೇಳುತ್ತೀರಿ? ಎಷ್ಟು ದಿನದಿಂದ, ಎಲ್ಲಿ ನೋವು, ಕಾಲಿಗೆ ಇಳಿಯುತ್ತದಾ, ಬಿದ್ದಿದ್ದೀರಾ. ಎಲ್ಲ ಸರಿ. ಆದರೆ 'ನಿಮಗೆ ಕೆಲಸ ಎಂತ' ಅಂತ ಕೇಳುವವರು ಕಡಿಮೆ. ಕೇಳಿದರೂ 'ಕೂಲಿ' ಅಂತ ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಇಟಲಿಯಲ್ಲಿ ಬರ್ನಾರ್ದಿನೊ ರಾಮಝಿನಿ ಅಂತ ಒಬ್ಬ ವೈದ್ಯ ಇದ್ದರು. ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ ಇದನ್ನೂ ಒಂದು ಸೇರಿಸಿ ಅಂತ ಅವರು 1700ರಲ್ಲೇ ಬರೆದರು. ಹೊಲಿಗೆಯವರು, ನೇಯುವವರು, ಹೊರೆ ಹೊರುವವರು, ಹೀಗೆ ಒಬ್ಬೊಬ್ಬರ ಕೆಲಸ ನೋಡಿ, ದೇಹವನ್ನು ಅದರ ರೀತಿಗೆ ವಿರುದ್ಧವಾಗಿ ಇಟ್ಟುಕೊಂಡರೆ ಎಂಥ ಕಾಯಿಲೆ ಬರುತ್ತದೆ ಅಂತ ಬರೆದಿಟ್ಟರು. ಮುನ್ನೂರು ವರ್ಷದ ಮೇಲಾಯಿತು. ನಮ್ಮ ಕೇಸ್ ಶೀಟಿನಲ್ಲಿ ಆ ಪ್ರಶ್ನೆಗೆ ಈಗಲೂ ಅರ್ಧ ಸಾಲು ಜಾಗ.

'ಕೂಲಿ' ಅಂದರೆ ನಮಗೇನೂ ಗೊತ್ತಾಗುವುದಿಲ್ಲ. ಧಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮೀನು ವಿಂಗಡಿಸುವವರೂ ಕೂಲಿ, ಕೆಂಪುಕಲ್ಲು ಲಾರಿಗೆ ತುಂಬುವವರೂ ಕೂಲಿ, ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವವರೂ ಕೂಲಿ. ಮೂವರ ಬೆನ್ನೂ ಬಗ್ಗುತ್ತದೆ. ಆದರೆ ಬಗ್ಗುವ ಕಾರಣ ಬೇರೆ, ಬಗ್ಗಿ ಇರುವ ಹೊತ್ತು ಬೇರೆ, ಬಗ್ಗಿದಾಗ ಕೈಯಲ್ಲಿರುವ ಭಾರ ಬೇರೆ. ಇದನ್ನು ಬಿಡಿಸಿ ನೋಡುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ಸಣ್ಣ ಲೆಕ್ಕ. 60 ಕಿಲೋ ತೂಕದ ಒಬ್ಬರು ಇದ್ದಾರೆ ಅಂತ ಇಟ್ಟುಕೊಳ್ಳಿ. ಸೊಂಟದಿಂದ ಮೇಲೆ ತಲೆ, ಕೈ, ಎದೆ ಎಲ್ಲ ಸೇರಿ ಕಡಿಮೆ ಅಂದರೂ 30 ಕಿಲೋ. ನೆಟ್ಟಗೆ ನಿಂತಾಗ ಈ ಭಾರ ಬೆನ್ನುಮೂಳೆಯ ಮೇಲೆ ನೇರವಾಗಿ ಕೂರುತ್ತದೆ. ಬಗ್ಗಿದಾಗ ಅದು ಮುಂದಕ್ಕೆ ಹೋಗುತ್ತದೆ. ಪೂರ್ತಿ ಬಗ್ಗಿದರೆ ಸೊಂಟದ ಕೊನೆಯ ಡಿಸ್ಕಿನಿಂದ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯಿಂದ, ಸುಮಾರು 25 ಸೆಂಟಿಮೀಟರ್ ಮುಂದೆ. ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯು ಇರುವುದು ಡಿಸ್ಕಿನಿಂದ ಬರೀ 5 ಸೆಂಟಿಮೀಟರ್ ಹಿಂದೆ. ಒಂದು ಕೈ ಉದ್ದ, ಇನ್ನೊಂದು ಕೈ ಗಿಡ್ಡ ಇರುವ ತಕ್ಕಡಿ ಇದ್ದ ಹಾಗೆ. ಉದ್ದದ ಕೈಯಲ್ಲಿ 30 ಕಿಲೋ ತೂಗಿದರೆ ಗಿಡ್ಡದ ಕೈಯಲ್ಲಿ 150 ಕಿಲೋ ಎಳೆಯಬೇಕು. ಇದು ಕೈಯಲ್ಲಿ ಏನೂ ಇಲ್ಲದಾಗಿನ ಲೆಕ್ಕ. ನೆಲಕ್ಕೆ ಬಿದ್ದ ಒಂದು ಬೂತಾಯಿ ಮೀನನ್ನು ಎತ್ತಲು ಬಗ್ಗಿದರೂ ಬೆನ್ನು ಇಷ್ಟು ಕೊಡಲೇಬೇಕು. ಮೀನು ಹಗುರ, ಬೆನ್ನಿನ ಮೇಲಿನ ಮೈ ಹಗುರವಲ್ಲ. ಭಾರ ಎತ್ತದಿದ್ದರೆ ಅಪಾಯ ಇಲ್ಲ ಅಂತ ಹೇಳುವ ಸೂಪರ್‌ವೈಸರ್‌ಗಳಿಗೆ ನಾನು ಈ ಲೆಕ್ಕ ತೋರಿಸುತ್ತೇನೆ.

ಇಲ್ಲಿ ಒಂದು ಆಶ್ಚರ್ಯದ ವಿಷಯ ಉಂಟು. ನೇಜಿ ನೆಡುವ ಹೆಂಗಸರನ್ನು ನೋಡಿದ್ದೀರಲ್ಲ. ಮಂಡಿ ಹೆಚ್ಚುಕಡಿಮೆ ನೇರ, ಸೊಂಟದಿಂದ ಪೂರ್ತಿ ಮಡಚಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋಗುತ್ತಾರೆ. ಅರ್ಧ ಬಗ್ಗುವುದಕ್ಕಿಂತ ಪೂರ್ತಿ ಬಗ್ಗಿದರೆ ಆಯಾಸ ಕಡಿಮೆ ಅನ್ನುವುದು ಅವರಿಗೆ ಅನುಭವದಿಂದ ಗೊತ್ತು. ಅದು ಸುಳ್ಳಲ್ಲ. ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯುಗಳು ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ. ಸ್ನಾಯುವಿನ ವಿದ್ಯುತ್ ಅಳೆಯುವವರು ಇದನ್ನು 1950ರ ದಶಕದಲ್ಲೇ ಕಂಡಿದ್ದಾರೆ. ಹಾಗಾದರೆ 150 ಕಿಲೋ ಎಲ್ಲಿ ಹೋಯಿತು? ಬೆನ್ನಿನ ಹಿಂಭಾಗದ ಕಟ್ಟುನಾರುಗಳ ಮೇಲೆ, ಡಿಸ್ಕಿನ ಮೇಲೆ. ಸ್ನಾಯು ಸುಸ್ತಾದರೆ ದೂರು ಹೇಳುತ್ತದೆ. ಕಟ್ಟುನಾರು ಹೇಳುವುದಿಲ್ಲ, ನಿಧಾನಕ್ಕೆ ಎಳೆದುಕೊಂಡು ಸಡಿಲವಾಗುತ್ತದೆ. ಸಡಿಲವಾದದ್ದು ಎದ್ದು ನಿಂತ ತಕ್ಷಣ ಮೊದಲಿನ ಹಾಗೆ ಆಗುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಅರ್ಧ ಗಂಟೆ ಬಗ್ಗಿ ನೆಟ್ಟು, ಎದ್ದ ಕೂಡಲೇ ಒದ್ದೆ ನೇಜಿಯ ಕಟ್ಟುಗಳನ್ನು ಹೊತ್ತುಕೊಂಡು ಹೋಗುವುದಿದೆಯಲ್ಲ, ಅದೇ ಕೆಟ್ಟ ಗಳಿಗೆ. ನಡುವೆ ಸ್ವಲ್ಪ ಹೊತ್ತು ಬದುವಿನ ಮೇಲೆ ನೆಟ್ಟಗೆ ನಡೆದಾಡಿದರೆ ಒಳ್ಳೆಯದು. ಎಲೆ ಅಡಿಕೆ ಹಾಕಿಕೊಳ್ಳಲು ನಮ್ಮ ಅಜ್ಜಿಯಂದಿರು ಬದುವಿಗೆ ಹೋಗುತ್ತಿದ್ದದ್ದನ್ನು ಸೋಮಾರಿತನ ಅಂತ ಗದ್ದೆಯ ಯಜಮಾನರು ಬೈಯುತ್ತಿದ್ದರು. ಅಜ್ಜಿಯಂದಿರದ್ದೇ ಸರಿ.

ಈಗ ಅಳೆಯುವ ವಿಷಯಕ್ಕೆ ಬರುತ್ತೇನೆ. ಕೆಲಸದ ಭಂಗಿಯನ್ನು ನೋಡಿ ಅಂಕ ಹಾಕುವ ಪದ್ಧತಿಗಳು ತುಂಬಾ ಇವೆ. 1970ರ ದಶಕದಲ್ಲಿ ಫಿನ್‌ಲೆಂಡಿನ ಓವಾಕೊ ಅನ್ನುವ ಉಕ್ಕಿನ ಕಂಪನಿಯಲ್ಲಿ ಹುಟ್ಟಿದ್ದು ಓವಾಸ್. ಬೆನ್ನಿಗೆ ನಾಲ್ಕು, ಕೈಗೆ ಮೂರು, ಕಾಲಿಗೆ ಏಳು, ಭಾರಕ್ಕೆ ಮೂರು ಸಂಕೇತ, ಅಷ್ಟೇ. ದೂರದಲ್ಲಿ ನಿಂತು ಅರ್ಧ ನಿಮಿಷಕ್ಕೊಮ್ಮೆ ಗುರುತು ಹಾಕುತ್ತಾ ಹೋಗಬಹುದು. 1993ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಮೆಕಟಾಮ್ನಿ ಮತ್ತು ಕಾರ್ಲೆಟ್ ರೂಲಾ ಮಾಡಿದರು. ಅದು ಕೂತು ಅಥವಾ ಒಂದೇ ಕಡೆ ನಿಂತು ಕೈ ಓಡಿಸುವ ಕೆಲಸಗಳಿಗೆ. ಆಮೇಲೆ 2000ದಲ್ಲಿ ಹಿಗ್ನೆಟ್ ಮತ್ತು ಮೆಕಟಾಮ್ನಿ ಇಡೀ ದೇಹಕ್ಕೆ ರೆಬಾ ಮಾಡಿದರು. ಆಸ್ಪತ್ರೆಯಲ್ಲಿ ರೋಗಿಯನ್ನು ಎತ್ತುವಂಥ ಕೆಲಸ, ಅಂದರೆ ಭಂಗಿ ಕ್ಷಣಕ್ಕೊಂದು ಬದಲಾಗುವ ಕೆಲಸ ಅವರ ಮನಸ್ಸಿನಲ್ಲಿತ್ತು. ನಮ್ಮ ಧಕ್ಕೆಗೆ ಇದೇ ಹೊಂದುತ್ತದೆ. ಇದನ್ನೊಂದು ಪೂರ್ತಿ ಮಾಡಿ ತೋರಿಸುತ್ತೇನೆ. ಪೆನ್ನು ಇದ್ದವರು ಬರೆದುಕೊಳ್ಳಿ.

ಬೆಳಿಗ್ಗೆ ಧಕ್ಕೆ. ಬೋಟಿನಿಂದ ಇಳಿಸಿದ ಮೀನು ನೆಲದ ಮೇಲೆ ರಾಶಿ ಬಿದ್ದಿದೆ. ಬಂಗುಡೆ ಒಂದು ಬುಟ್ಟಿಗೆ, ಬೂತಾಯಿ ಒಂದಕ್ಕೆ, ಸಿಗಡಿ ಇನ್ನೊಂದಕ್ಕೆ. ಒಬ್ಬ ಹೆಂಗಸು ಬಗ್ಗಿ ವಿಂಗಡಿಸುತ್ತಿದ್ದಾರೆ. ಬುಟ್ಟಿಗಳು ಅವರ ಎಡಕ್ಕೂ ಬಲಕ್ಕೂ ಇವೆ.

ಭಂಗಿ ಕೆಟ್ಟಷ್ಟೂ ಅಂಕ ಜಾಸ್ತಿ. ಬೆನ್ನು ನೋಡಿ. 60 ಡಿಗ್ರಿಗಿಂತ ಜಾಸ್ತಿ ಬಗ್ಗಿದೆ, ಅದಕ್ಕೆ 4. ಪಕ್ಕದ ಬುಟ್ಟಿಗೆ ಹಾಕಲು ಸೊಂಟ ತಿರುಚುತ್ತಾರೆ, ಇನ್ನೊಂದು ಸೇರಿ 5. ಕುತ್ತಿಗೆ? ಮೀನು ನೋಡುವಾಗ ಬೆನ್ನಿನ ಸಾಲಿನಲ್ಲೇ ಇರುತ್ತದೆ. ಆದರೆ ಆಗಾಗ ಹರಾಜು ಕೂಗುವವನ ಕಡೆ ತಲೆ ಎತ್ತುತ್ತಾರೆ. ಬಗ್ಗಿದ ಬೆನ್ನಿನ ಮೇಲೆ ತಲೆ ಎತ್ತಿದರೆ ಕುತ್ತಿಗೆ ಹಿಂದಕ್ಕೆ ಬಾಗಿದಂತೆ ಲೆಕ್ಕ, ಅದಕ್ಕೆ 2. ಎರಡೂ ಕಾಲ ಮೇಲೆ ಸಮ ಭಾರ, ಮಂಡಿ ಮಡಚಿಲ್ಲ, 1. ಈ ಮೂರನ್ನು ರೆಬಾದ ಮೊದಲ ಕೋಷ್ಟಕದಲ್ಲಿ ನೋಡಿದರೆ 6 ಬರುತ್ತದೆ. ಕೈಯಲ್ಲಿರುವ ಮೀನು 5 ಕಿಲೋಗಿಂತ ಕಡಿಮೆ, ಅದಕ್ಕೆ ಏನೂ ಸೇರಿಸಬೇಕಾಗಿಲ್ಲ.

ಇನ್ನು ಕೈ. ಮೇಲ್ತೋಳನ್ನು ನೆಲದ ಲೆಕ್ಕದಲ್ಲಿ ಅಳೆಯಬೇಡಿ, ಬೆನ್ನಿನ ಲೆಕ್ಕದಲ್ಲಿ ಅಳೆಯಿರಿ. ವಿದ್ಯಾರ್ಥಿಗಳು ಮುಗ್ಗರಿಸುವುದು ಇಲ್ಲೇ. ಕೈ ನೇರ ನೆಲಕ್ಕೆ ಜೋತು ಬಿದ್ದ ಹಾಗೆ ಕಾಣುತ್ತದೆ, ಸೊನ್ನೆ ಡಿಗ್ರಿ ಅಂತ ಬರೆಯುತ್ತಾರೆ. ಆದರೆ ಬೆನ್ನೇ ಮಲಗಿದೆಯಲ್ಲ, ಅದರಿಂದ ನೋಡಿದರೆ ತೋಳು ಮುಂದಕ್ಕೆ 45ರಿಂದ 90 ಡಿಗ್ರಿಯೊಳಗೆ ಚಾಚಿದೆ, 3. ಮೊಣಕೈ ಹೆಚ್ಚುಕಡಿಮೆ ನೇರ, 2. ಮಣಿಕಟ್ಟು 15 ಡಿಗ್ರಿಗಿಂತ ಜಾಸ್ತಿ ಬಾಗಿದೆ, 2. ಎರಡನೇ ಕೋಷ್ಟಕದಲ್ಲಿ 5. ಮೀನು ಜಾರುತ್ತದೆ, ಹಿಡಿತ ಅಷ್ಟು ಒಳ್ಳೆಯದಲ್ಲ, ಇನ್ನೊಂದು, ಒಟ್ಟು 6. ಮೂರನೇ ಕೋಷ್ಟಕದಲ್ಲಿ ಆ 6ಕ್ಕೂ ಈ 6ಕ್ಕೂ ಸಿಗುವುದು 8. ಒಂದು ನಿಮಿಷಕ್ಕಿಂತ ಜಾಸ್ತಿ ಬಗ್ಗಿಯೇ ಇದ್ದಾರೆ, ಒಂದು ಸೇರಿಸಿ. ಕೈಯ ಚಲನೆ ನಿಮಿಷಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ, ಇನ್ನೊಂದು ಸೇರಿಸಿ. ಒಟ್ಟು 10.

ರೆಬಾದಲ್ಲಿ ಅಂಕ 1ರಿಂದ 15ರವರೆಗೆ. 4ರಿಂದ 7 ಮಧ್ಯಮ ಅಪಾಯ, 8ರಿಂದ 10 ಜಾಸ್ತಿ ಅಪಾಯ, ಬೇಗ ಸರಿಪಡಿಸಿ ಅಂತ ಅರ್ಥ. 11 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಈಗಲೇ ನಿಲ್ಲಿಸಿ ಸರಿಪಡಿಸಬೇಕು. ಇದು 10.

ತುಂಬಾ ವರದಿಗಳು ಇಲ್ಲಿಗೇ ಮುಗಿಯುತ್ತವೆ. 'ಅಂಕ 10, ಕಾರ್ಮಿಕರಿಗೆ ಸರಿಯಾದ ಭಂಗಿಯ ಬಗ್ಗೆ ಅರಿವು ಮೂಡಿಸಬೇಕು' ಅಂತ ಬರೆದು ಸಹಿ. ಎಂತ ಅರಿವು ಮಾರಾಯ್ರೆ? ಮೀನು ನೆಲದ ಮೇಲೆ ಇದ್ದರೆ ಬೆನ್ನು ನೆಲಕ್ಕೆ ಹೋಗಲೇಬೇಕು. ಆ ಹೆಂಗಸು ಬಗ್ಗಿದ್ದು ಅವರಿಗೆ ತಿಳುವಳಿಕೆ ಇಲ್ಲದೆ ಅಲ್ಲ, ಮೀನು ಅಲ್ಲಿದೆ ಅಂತ. ಅಂಕ ಹಾಕುವಾಗ ನಾವು ನೋಡುವುದು ಮನುಷ್ಯರ ಮೈಯನ್ನು, ಸರಿಪಡಿಸಬೇಕಾದ್ದು ಮೀನಿನ ರಾಶಿಯ ಎತ್ತರವನ್ನು.

ಅದೇ ಕೆಲಸವನ್ನು ಸೊಂಟದೆತ್ತರದ ಮೇಜಿನ ಮೇಲೆ ಮಾಡಿಸಿ ಅಂಕ ಹಾಕೋಣ. ಬುಟ್ಟಿಗಳನ್ನು ಪಕ್ಕದಿಂದ ಮುಂದಕ್ಕೆ ತಂದರೆ ತಿರುಚುವುದೂ ತಪ್ಪುತ್ತದೆ. ಬೆನ್ನು 20 ಡಿಗ್ರಿಯೊಳಗೆ, 2. ಕುತ್ತಿಗೆ ಕೆಳಗೆ ನೋಡುತ್ತದೆ, 2. ಕಾಲು 1. ಕೋಷ್ಟಕದಲ್ಲಿ 3. ತೋಳು 2, ಮೊಣಕೈ 1, ಮಣಿಕಟ್ಟು 2, ಹಿಡಿತದ್ದು ಸೇರಿ 3. ಎರಡೂ ಸೇರಿ 3, ಕೊನೆಯ ಎರಡು ಸೇರಿಸಿದರೆ 5. ಹತ್ತರಿಂದ ಐದಕ್ಕೆ ಇಳಿಯಿತು. ಯಾಕೆ ಇನ್ನೂ ಕಡಿಮೆ ಆಗಲಿಲ್ಲ? ಯಾಕೆಂದರೆ ಕೈ ಅಷ್ಟೇ ಓಡುತ್ತಿದೆ, ಕುತ್ತಿಗೆ ಅಷ್ಟೇ ಹೊತ್ತು ಬಾಗಿದೆ. ಮೇಜು ಬೆನ್ನನ್ನು ಉಳಿಸುತ್ತದೆ, ಕುತ್ತಿಗೆಯನ್ನಲ್ಲ.

ಆದರೆ ಧಕ್ಕೆಯಲ್ಲಿ ಮೇಜು ಇಡುವುದು ಸುಲಭವಲ್ಲ. ಜಾಗ ಇಕ್ಕಟ್ಟು. ಕೈಗಾಡಿ, ಐಸ್ ಪುಡಿ, ನೀರು, ಹರಾಜಿನ ಗುಂಪು. ಇವತ್ತು ಇಲ್ಲಿ ಇಳಿಯುವ ಬೋಟು ನಾಳೆ ಆಚೆ ಇಳಿಯುತ್ತದೆ. ಮೇಜು ಯಾರದ್ದು, ಯಾರು ತೊಳೆಯುವುದು, ರಾತ್ರಿ ಎಲ್ಲಿಡುವುದು? ಇವು ಸಣ್ಣ ಪ್ರಶ್ನೆಗಳಲ್ಲ, ಯೋಜನೆಗಳು ಸಾಯುವುದು ಇಂಥ ಪ್ರಶ್ನೆಗಳಲ್ಲೇ. ಬದಲಿಗೆ ಅಲ್ಲೇ ಬಿದ್ದಿರುವ ಖಾಲಿ ಪ್ಲಾಸ್ಟಿಕ್ ಕ್ರೇಟುಗಳನ್ನು ನೋಡಿ. ಎರಡನ್ನು ಒಂದರ ಮೇಲೊಂದು ಕವುಚಿ ಹಾಕಿ, ಅದರ ಮೇಲೆ ಮೀನು ತುಂಬಿದ ಕ್ರೇಟ್ ಇಟ್ಟು ವಿಂಗಡಿಸಿದರೆ? ಬೆನ್ನು 20ರಿಂದ 60 ಡಿಗ್ರಿಯ ನಡುವೆ ಬರುತ್ತದೆ, 3. ಉಳಿದದ್ದನ್ನೆಲ್ಲ ಮೇಜಿನ ಹಾಗೇ ಲೆಕ್ಕ ಹಾಕಿದರೆ 6. ಮೇಜಿಗೆ 5, ಎರಡು ಖಾಲಿ ಕ್ರೇಟಿಗೆ 6. ಖರ್ಚಿಲ್ಲ, ಯಾರ ಅನುಮತಿಯೂ ಬೇಡ. ನಾನಾದರೆ ಕ್ರೇಟಿನಿಂದ ಶುರು ಮಾಡುತ್ತೇನೆ, ಮೇಜಿನ ಅರ್ಜಿಯನ್ನು ಆಮೇಲೆ ಬರೆಯುತ್ತೇನೆ.

ಇನ್ನು ಭಾರ ಎತ್ತುವುದು. ಇದಕ್ಕೆ ರೆಬಾ ಸಾಲದು. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆ 1981ರಲ್ಲಿ ಒಂದು ಸೂತ್ರ ಕೊಟ್ಟಿತು, 1991ರಲ್ಲಿ ಅದನ್ನು ತಿದ್ದಿತು. ಎಲ್ಲ ಅನುಕೂಲ ಇದ್ದಾಗ ಎತ್ತಬಹುದಾದ ಭಾರ 23 ಕಿಲೋ ಅಂತ ಅದು ಶುರು ಮಾಡುತ್ತದೆ. ಎಲ್ಲ ಅನುಕೂಲ ಅಂದರೆ ವಸ್ತು ಮೈಗೆ ಹತ್ತಿರ, 25 ಸೆಂಟಿಮೀಟರ್ ಒಳಗೆ. ಕೈ ಹಿಡಿಯುವ ಎತ್ತರ ನೆಲದಿಂದ 75 ಸೆಂಟಿಮೀಟರ್. ತಿರುಚುವುದಿಲ್ಲ, ಅಪರೂಪಕ್ಕೆ ಎತ್ತುವುದು. ಇದರಲ್ಲಿ ಒಂದೊಂದು ಕೆಟ್ಟ ಹಾಗೆ 23ರಿಂದ ಕಡಿಯುತ್ತಾ ಬರುತ್ತದೆ.

ಮೀನು, ಐಸ್ ತುಂಬಿದ ಒಂದು ಕ್ರೇಟ್ 30 ಕಿಲೋ ಅಂತ ಹಿಡಿಯಿರಿ. ಅದನ್ನು ಟೆಂಪೋಗೆ ಏರಿಸಬೇಕು. ಕ್ರೇಟ್ ಅಗಲ, ಹಿಡಿದಾಗ ಕೈ ಕಾಲಿನ ಗೆಣ್ಣಿನಿಂದ 40 ಸೆಂಟಿಮೀಟರ್ ಮುಂದೆ. 23 ಇದ್ದದ್ದು 14ಕ್ಕೆ ಇಳಿಯಿತು, ಇದೊಂದರಿಂದಲೇ. ಹಿಡಿಕೆ ನೆಲದಿಂದ 15 ಸೆಂಟಿಮೀಟರ್ ಮೇಲೆ, 12ರ ಒಳಗೆ ಬಂತು. ಅಲ್ಲಿಂದ 60 ಸೆಂಟಿಮೀಟರ್ ಎತ್ತಬೇಕು, ಹತ್ತೂವರೆ. ಟೆಂಪೋ ಪಕ್ಕದಲ್ಲಿದೆ, 45 ಡಿಗ್ರಿ ತಿರುಗಬೇಕು, 9. ಎತ್ತಬಹುದಾದ್ದು 9 ಕಿಲೋ, ಎತ್ತುತ್ತಿರುವುದು 30. ಮೂರು ಪಟ್ಟು ದಾಟಿತು. ಇದು ಅಪರೂಪಕ್ಕೊಮ್ಮೆ ಎತ್ತಿದರೆ. ಸೀಸನ್‌ನಲ್ಲಿ ಒಂದರ ಹಿಂದೊಂದು ಎತ್ತಿದರೆ ಇನ್ನೂ ಕೆಳಗೆ ಹೋಗುತ್ತದೆ. ಕಾಲಡಿ ಒಣ, ಜಾರದ ನೆಲ ಇದೆ ಅಂತಲೇ ಈ ಸೂತ್ರ ಹಿಡಿಯುವುದು. ಧಕ್ಕೆಯ ನೆಲ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇದರಲ್ಲಿ ನನಗೆ ಇಷ್ಟವಾದದ್ದು, ಯಾವ ತಪ್ಪಿಗೆ ಎಷ್ಟು ದಂಡ ಅಂತ ಸ್ಪಷ್ಟವಾಗಿ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಮೈಯಿಂದ ಇರುವ ದೂರ. ಹಾಗಾದರೆ ಮೊದಲು ಕ್ರೇಟಿನ ಉದ್ದದ ಬದಿಯನ್ನು ಮೈಗೆ ಒತ್ತಿ ಹಿಡಿಯುವ ಹಾಗೆ ಹಿಡಿಕೆ ಬೇಕು. ಕೆಂಪುಕಲ್ಲಿಗೆ ಹಿಡಿಕೆಯೇ ಇಲ್ಲ. ಒಂದು ಕಲ್ಲು 25-30 ಕಿಲೋ, ಅಂಚು ಕೈ ಕೊರೆಯುತ್ತದೆ, ಬಟ್ಟೆ ಕೆಂಪಾಗುತ್ತದೆ ಅಂತ ಮೈಯಿಂದ ದೂರ ಹಿಡಿಯುತ್ತಾರೆ. ಒಂದು ದಪ್ಪ ಗೋಣಿಯ ಏಪ್ರನ್ ಕಟ್ಟಿಕೊಂಡರೆ ಕಲ್ಲು ಹೊಟ್ಟೆಗೆ ಹತ್ತಿರ ಬರುತ್ತದೆ. ಬಟ್ಟೆ ಉಳಿಸಲು ಕೊಟ್ಟ ಏಪ್ರನ್ ಬೆನ್ನು ಉಳಿಸುತ್ತದೆ.

ಕಾನೂನಿನ ಮಾತು ಸಂಘದವರು ಕೇಳುತ್ತಾರೆ, ಬೇಗ ಹೇಳಿಬಿಡುತ್ತೇನೆ. 1948ರ ಫ್ಯಾಕ್ಟರಿ ಕಾಯ್ದೆಯ 34ನೇ ಸೆಕ್ಷನ್‌ನಲ್ಲೇ, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದು ಅಂತ ಬರೆದಿದ್ದರು. ಎಷ್ಟು ಕಿಲೋ ಅಂತ ನಿಯಮ ಮಾಡುವುದನ್ನು ರಾಜ್ಯಗಳಿಗೆ ಬಿಟ್ಟಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಗಂಡಸರಿಗೆ 55 ಕಿಲೋ ಅಂತ ಶಿಫಾರಸು ಮಾಡಿತು. 55 ಎಲ್ಲಿ, 9 ಎಲ್ಲಿ? 55 ಅನ್ನುವುದು ಇದಕ್ಕಿಂತ ಮೇಲೆ ಹೋಗಲೇಬೇಡಿ ಅನ್ನುವ ಗೆರೆ. ಅದರ ಕೆಳಗಿನದ್ದೆಲ್ಲ ಕ್ಷೇಮ ಅಂತ ಓದಬೇಡಿ. 50 ಕಿಲೋ ಸಿಮೆಂಟ್ ಚೀಲಕ್ಕೆ ಕಾನೂನಿನ ತೊಂದರೆ ಇಲ್ಲ ಅನ್ನುವವರಿಗೆ ಬೆನ್ನಿನ ತೊಂದರೆ ಉಂಟು ಅಂತ ಹೇಳಬೇಕು.

ಇನ್ನೊಂದು ಕೆಲಸ ನೋಡೋಣ. ಇಲ್ಲಿ ಭಾರವೇ ಇಲ್ಲ. ಬೀಡಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಷ್ಟು ಮನೆಗಳು ಬೀಡಿಯಿಂದ ನಡೆದವು, ಎಷ್ಟು ಮಕ್ಕಳ ಶಾಲೆ ಫೀಸು ಬೀಡಿಯಿಂದ ಬಂತು ಅಂತ ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಮನೆಯಿಂದಲೇ ಗೊತ್ತು. ಚಾವಡಿಯಲ್ಲಿ ನೆಲದ ಮೇಲೆ ಕೂತು, ತಡ್ಪೆ, ಅಂದರೆ ಮೊರ, ತೊಡೆಯ ಮೇಲಿಟ್ಟು, ತಲೆ ಬಗ್ಗಿಸಿ ಕಟ್ಟುತ್ತಾರೆ. ನೆನೆಸಿದ ಎಲೆಯನ್ನು ಕತ್ತರಿಯಿಂದ ಕತ್ತರಿಸುವುದು, ಹೊಗೆಸೊಪ್ಪು ಹಾಕಿ ಸುರುಳುವುದು, ತುದಿ ಮಡಚುವುದು, ನೂಲು ಸುತ್ತುವುದು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ.

ಇದಕ್ಕೆ ರೂಲಾ ಹಾಕಿ ನೋಡಿ. ಕಾಲಿಗೆ 1 ಬರುತ್ತದೆ, ಯಾಕೆಂದರೆ ಕೂತಿದ್ದಾರೆ, ಕಾಲಿಗೆ ಆಸರೆ ಇದೆ. ಇಲ್ಲೇ ನನ್ನ ತಕರಾರು. ಈ ಪದ್ಧತಿ ಮಾಡಿದವರ ಕಣ್ಣಿನಲ್ಲಿ ಕೂರುವುದು ಅಂದರೆ ಕುರ್ಚಿ. ಒಂದು ಕಾಲು ಚಾಚಿ, ಒಂದು ಮಡಚಿ, ಗೋಡೆಯೂ ಇಲ್ಲದೆ ಮೂರು ಗಂಟೆ ನೆಲದಲ್ಲಿ ಕೂತವರ ಮಂಡಿಗೂ ಸೊಂಟಕ್ಕೂ ಕುರ್ಚಿಯ ಅಂಕವನ್ನೇ ಕೊಟ್ಟರೆ ಹೇಗೆ? ನೆಲದಲ್ಲಿ ಕೂತಾಗ ಸೊಂಟದ ಸಹಜ ಬಳುಕು ಹೋಗಿ ಬೆನ್ನು ಹೊರಕ್ಕೆ ಗುಂಡಗಾಗುತ್ತದೆ. ಇನ್ನೊಂದು ತಕರಾರು, ದಿನಕ್ಕೆ ಎಷ್ಟು ಗಂಟೆ ಅಂತ ರೂಲಾವೂ ಕೇಳುವುದಿಲ್ಲ, ರೆಬಾವೂ ಕೇಳುವುದಿಲ್ಲ. ಅರ್ಧ ಗಂಟೆ ಕಟ್ಟುವವರಿಗೂ, ಅಡುಗೆ ಮುಗಿಸಿ ರಾತ್ರಿ ಹತ್ತರವರೆಗೆ ಕಟ್ಟುವವರಿಗೂ ಒಂದೇ ಅಂಕ. ಆದ್ದರಿಂದ ಅಂಕದ ಪಕ್ಕದಲ್ಲಿ ಗಂಟೆಯನ್ನೂ ಬರೆಯಿರಿ. ಫಾರಂನಲ್ಲಿ ಜಾಗ ಇಲ್ಲದಿದ್ದರೆ ಮಾರ್ಜಿನ್‌ನಲ್ಲಿ ಬರೆಯಿರಿ.

ರೂಲಾ ಸರಿಯಾಗಿ ಹಿಡಿಯುವುದು ಕುತ್ತಿಗೆಯನ್ನು. 20 ಡಿಗ್ರಿ ದಾಟಿದರೆ 3. ತಡ್ಪೆ ತೊಡೆಯ ಮೇಲಿದ್ದರೆ ಕುತ್ತಿಗೆ ದಾಟದೆ ಇರುವುದಿಲ್ಲ. ಹಾಗಂತ ಅವರಿಗೆ ಕುರ್ಚಿ-ಮೇಜು ಕೊಡಲು ಹೋಗಬೇಡಿ. ಕೊಟ್ಟರೆ ಅದರ ಮೇಲೆ ಮಡಚಿದ ಬಟ್ಟೆ ಇಡುತ್ತಾರೆ, ಕೂರುವುದು ನೆಲದಲ್ಲೇ. ಕೈಗೆ ಆ ಭಂಗಿಯಲ್ಲಿ ವೇಗ ಬಂದಿದೆ. ವೇಗ ಹೋದರೆ ಸಾವಿರ ಮುಗಿಯುವುದಿಲ್ಲ, ಸಾವಿರ ಮುಗಿಯದಿದ್ದರೆ ದುಡ್ಡಿಲ್ಲ. ಬದಲಿಗೆ ಬೆನ್ನು ಗೋಡೆಗೆ ತಾಗುವ ಹಾಗೆ ಜಾಗ ಬದಲಿಸಿ. ಕುಂಡೆಯ ಕೆಳಗೆ ಮಡಚಿದ ಚಾಪೆ ಅಥವಾ ಮಣೆ ಇಟ್ಟರೆ ಸೊಂಟ ಸ್ವಲ್ಪ ಮೇಲೆ ಬರುತ್ತದೆ, ಬೆನ್ನು ನೇರವಾಗುತ್ತದೆ. ತಡ್ಪೆಯ ಕೆಳಗೆ ಒಂದು ದಿಂಬು ಇಟ್ಟರೆ ಕುತ್ತಿಗೆ ಏಳುತ್ತದೆ. ಬೆಳಕು ಹಿಂದಿನಿಂದ ಬರುತ್ತಿದ್ದರೆ ತಮ್ಮದೇ ನೆರಳು ಎಲೆಯ ಮೇಲೆ ಬಿದ್ದು ಇನ್ನೂ ಬಗ್ಗುತ್ತಾರೆ. ಬಲ್ಬಿನ ಜಾಗ ಬದಲಿಸಿದರೆ ಕುತ್ತಿಗೆಯ ಕೋನ ಬದಲಾಗುತ್ತದೆ! ಆಮೇಲೆ ಕತ್ತರಿ. ಮೊಂಡು ಕತ್ತರಿಯಲ್ಲಿ ಎಲೆ ಕತ್ತರಿಸುವವರ ಹೆಬ್ಬೆರಳಿನ ಬುಡ ಹಿಡಿದು ನೋಡಿ, ಗಂಟು ಕಟ್ಟಿರುತ್ತದೆ. ಒದ್ದೆ ಎಲೆ ಕತ್ತರಿಯ ಬಾಯಿಯಲ್ಲಿ ಜಾರುತ್ತದೆ, ಇನ್ನೂ ಒತ್ತಬೇಕಾಗುತ್ತದೆ. ಕತ್ತರಿಗೆ ಸಾಣೆ ಹಿಡಿಸುವುದು ಕೂಡ ನಮ್ಮ ಕೆಲಸದ ಭಾಗವೇ.

ಗೇರುಬೀಜದ ಫ್ಯಾಕ್ಟರಿಯವರು ಇಲ್ಲಿದ್ದೀರಿ ಅಂತ ಗೊತ್ತು, ಒಂದು ಮಾತು. ಬೀಜ ಒಡೆಯುವ ಕೈ-ಕಾಲಿನ ಯಂತ್ರದಲ್ಲಿ ಒಂದು ಕಾಲು ಪೆಡಲ್ ಮೇಲೆ, ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ. ಕೆಲಸ ಬದಲಾಯಿಸಿ ಕೊಡುತ್ತೇವೆ ಅಂತ ನೀವು ಹೇಳುತ್ತೀರಿ, ಒಳ್ಳೆಯದು. ಆದರೆ ಯಾವುದರಿಂದ ಯಾವುದಕ್ಕೆ? ಒಡೆಯುವುದರಿಂದ ಕೂತು ಸಿಪ್ಪೆ ತೆಗೆಯುವುದಕ್ಕೆ ಹಾಕಿದರೆ ಕಾಲಿಗೆ ಬಿಡುವು ಸಿಗುತ್ತದೆ. ಧಕ್ಕೆಯಲ್ಲಿ ವಿಂಗಡಿಸುವವರನ್ನು ಕ್ರೇಟ್ ಎತ್ತಲು ಹಾಕಿದರೆ ಅದು ಬದಲಾವಣೆಯಲ್ಲ, ಅದೇ ಬೆನ್ನಿಗೆ ಎರಡನೇ ಪಾಳಿ.

ಅಡಿಕೆಯಲ್ಲಿ ಬೇರೆ ಕತೆ. ಮರ ಹತ್ತುವವರು ಸಿಗುವುದಿಲ್ಲ ಅಂತ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಮರದಿಂದ ಬೀಳುವ ಭಯ ಹೋಯಿತು, ಇದು ದೊಡ್ಡ ಲಾಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಕುತ್ತಿಗೆ ಪೂರ್ತಿ ಹಿಂದಕ್ಕೆ, ಎರಡೂ ತೋಳು ಭುಜಕ್ಕಿಂತ ಮೇಲೆ, ಉದ್ದನೆಯ ಕಂಬದ ತುದಿ ಗಾಳಿಗೆ ಆಡುತ್ತದೆ, ಅದನ್ನು ಹಿಡಿದು ನಿಲ್ಲಿಸಬೇಕು. ತೋಳು 90 ಡಿಗ್ರಿ ದಾಟಿದರೆ ರೆಬಾದಲ್ಲಿ 4, ತೋಳಿನ ಕೋನಕ್ಕೆ ಅದಕ್ಕಿಂತ ಮೇಲಿನ ಅಂಕ ಇಲ್ಲ. ಇಂಥವರು ಕೈ ಜೋಮು, ತಲೆಸುತ್ತು ಅಂತ ನಿಮ್ಮ ಹತ್ತಿರ ಬಂದರೆ ದೋಟಿ ಹಿಡಿಯುತ್ತೀರಾ ಅಂತ ಕೇಳಿ. ಒಂದು ಮರದ ಕೆಳಗೆ ನೇರ ನಿಲ್ಲದೆ ಸ್ವಲ್ಪ ದೂರ ನಿಂತರೆ ಕುತ್ತಿಗೆಯ ಕೋನ ಕಡಿಮೆಯಾಗುತ್ತದೆ. ಇಬ್ಬರು ಮರದಿಂದ ಮರಕ್ಕೆ ಸರದಿ ಹಿಡಿದರೆ ಇನ್ನೂ ಒಳ್ಳೆಯದು.

ಇನ್ನು ನೋಡುವ ರೀತಿ. ನಿಮ್ಮ ಫೋನು ಸಾಕು. ಕೆಲಸ ಮಾಡುವವರ ಒಪ್ಪಿಗೆ ಕೇಳಿ ವಿಡಿಯೋ ತೆಗೆಯಿರಿ, ಫೋಟೋ ಅಲ್ಲ. ಫೋಟೋ ತೆಗೆಯುವಾಗ ಜನ ನೆಟ್ಟಗಾಗುತ್ತಾರೆ, ಸೀರೆ ಸರಿಮಾಡಿಕೊಳ್ಳುತ್ತಾರೆ. ಪೂರ್ತಿ ಪಕ್ಕದಿಂದ ತೆಗೆಯಿರಿ. ಓರೆಯಾಗಿ ನಿಂತರೆ 60 ಡಿಗ್ರಿ 45ರ ಹಾಗೆ ಕಾಣುತ್ತದೆ. ಒಂದು ಸುತ್ತು ಪೂರ್ತಿ ನೋಡಿ ಆಮೇಲೆ ಯಾವ ಕ್ಷಣಕ್ಕೆ ಅಂಕ ಅಂತ ತೀರ್ಮಾನಿಸಿ. ಅತಿ ಕೆಟ್ಟ ಕ್ಷಣವೋ, ಅತಿ ಹೆಚ್ಚು ಹೊತ್ತು ಇರುವ ಭಂಗಿಯೋ, ಅತಿ ಹೆಚ್ಚು ಸಲ ಬರುವುದೋ? ಮೂರೂ ಬೇರೆ ಬೇರೆ ಅಂಕ ಕೊಡುತ್ತವೆ. ಯಾವುದನ್ನು ಆರಿಸಿದಿರಿ ಅಂತ ವರದಿಯಲ್ಲಿ ಬರೆಯದಿದ್ದರೆ ಆ ಅಂಕಕ್ಕೆ ಬೆಲೆ ಇಲ್ಲ. ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಿ, ಆಮೇಲೆ ಹೋಲಿಸಿ. 59 ಡಿಗ್ರಿಗೆ ಒಂದು ಅಂಕ, 61ಕ್ಕೆ ಇನ್ನೊಂದು. ಮನುಷ್ಯರ ಬೆನ್ನಿಗೆ ಆ ಗೆರೆ ಗೊತ್ತಿಲ್ಲ.

ಜೊತೆಗೆ ನೋವಿನ ಪಟ್ಟಿ ಕೇಳಿ. 1987ರಲ್ಲಿ ನಾರ್ಡಿಕ್ ದೇಶಗಳವರು ಮಾಡಿದ ಪ್ರಶ್ನಾವಳಿ ಈಗಲೂ ಬಳಕೆಯಲ್ಲಿದೆ. ಮೈಯ ಒಂಬತ್ತು ಭಾಗದ ಚಿತ್ರ ತೋರಿಸಿ, ಹಿಂದಿನ 12 ತಿಂಗಳಲ್ಲಿ ಎಲ್ಲಿ ನೋವಿತ್ತು, ಹಿಂದಿನ 7 ದಿನದಲ್ಲಿ ಎಲ್ಲಿ, ಅದರಿಂದ ಕೆಲಸ ತಪ್ಪಿತಾ ಅಂತ ಕೇಳುವುದು. ನಮ್ಮಲ್ಲಿ ಇದನ್ನು ಯಾವಾಗ ಕೇಳುತ್ತೀರಿ ಅನ್ನುವುದು ಮುಖ್ಯ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳಿಗೆ 61 ದಿನ ರಜೆ. ಜುಲೈ ಕೊನೆಗೆ ಹೋಗಿ 7 ದಿನದ ನೋವು ಕೇಳಿದರೆ ಎಲ್ಲರೂ ಆರಾಮ ಅನ್ನುತ್ತಾರೆ. ನೋವು ಜಾಸ್ತಿಯಾದವರು ಆ ಕೆಲಸವನ್ನೇ ಬಿಟ್ಟು ಮನೆಯಲ್ಲಿರುತ್ತಾರೆ, ಅವರು ನಿಮ್ಮ ಪಟ್ಟಿಗೆ ಬರುವುದೇ ಇಲ್ಲ. ಇದನ್ನೂ ನೆನಪಿಡಿ.

ಸೊಂಟದ ಬೆಲ್ಟ್ ಕೊಡಬಹುದಾ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ನೋವಿಲ್ಲದವರಿಗೆ ನೋವು ಬಾರದ ಹಾಗೆ ಬೆಲ್ಟ್ ತಡೆಯುತ್ತದೆ ಅನ್ನಲು ಪುರಾವೆ ಸಾಲದು ಅಂತ ನಿಯೋಷ್ 1994ರಲ್ಲೇ ಹೇಳಿದೆ. ಮಂಡಿ ಮಡಚಿ ಎತ್ತಿ ಅಂತ ಬರೀ ತರಬೇತಿ ಕೊಟ್ಟರೆ ಬೆನ್ನುನೋವು ಕಡಿಮೆಯಾಗುತ್ತದೆಯೇ ಅಂತಲೂ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದಾರೆ, ಆಗುತ್ತದೆ ಅನ್ನುವ ಪುರಾವೆ ಸಿಕ್ಕಿಲ್ಲ. ಬೆಲ್ಟಿನ ದುಡ್ಡಿಗೆ ಕೈಗಾಡಿಯ ಚಕ್ರ ರಿಪೇರಿ ಮಾಡಿಸಿ. ಚಕ್ರ ಹೋದ ಗಾಡಿಯನ್ನು ಬಿಟ್ಟು ತಲೆಯ ಮೇಲೆ ಹೊರುವುದನ್ನು ಯಾವ ಬಂದರಿನಲ್ಲಾದರೂ ನೋಡಬಹುದು.

ಕೊನೆಯ ಚೀಟಿ, ಫೋನಿನ ಆ್ಯಪ್‌ಗಳು ವಿಡಿಯೋ ನೋಡಿ ತಾನಾಗಿ ರೆಬಾ ಅಂಕ ಕೊಡುತ್ತವಲ್ಲ, ಅದು ಸಾಲದಾ ಅಂತ. ಶರ್ಟು ಪ್ಯಾಂಟು ಹಾಕಿ ಪಕ್ಕಕ್ಕೆ ನಿಂತವರ ಬೆನ್ನಿನ ಕೋನವನ್ನು ಅವು ಚೆನ್ನಾಗಿಯೇ ಹಿಡಿಯುತ್ತವೆ, ಬಳಸಿ. ಆದರೆ ಸೀರೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಮಳೆ ಇದ್ದರೆ ಕ್ಯಾಮೆರಾಗೆ ಮಂಡಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಊಹೆ ಮಾಡಿ ಗೆರೆ ಎಳೆಯುತ್ತದೆ. ಕೈಯಲ್ಲಿ ಎಷ್ಟು ಕಿಲೋ ಇದೆ, ಹಿಡಿತ ಜಾರುತ್ತದಾ ಅನ್ನುವುದನ್ನೂ ನೀವೇ ತುಂಬಬೇಕು. ಇಷ್ಟೆಲ್ಲ ಆದ ಮೇಲೆ ಒಂದು ಸಲ ವಿಡಿಯೋವನ್ನು ಅವರಿಗೇ ತೋರಿಸಿ, 'ಅಕ್ಕಾ, ಇದರಲ್ಲಿ ಯಾವಾಗ ಜಾಸ್ತಿ ನೋಯುತ್ತದೆ' ಅಂತ ಕೇಳಿ. ಅವರು ಬೆರಳು ಇಟ್ಟ ಕಡೆ ವಿಡಿಯೋ ನಿಲ್ಲಿಸಿ, ಅಲ್ಲಿಂದ ಅಂಕ ಹಾಕಲು ಶುರು ಮಾಡಿ.